ಮಗುವನ್ನು ನೋಡಿದೆವು, ತಾಯಿಯನ್ನು ನೋಡಿದೆವೆ?



ಮಕ್ಕಳ ಪಾಲನೆಯನ್ನು ಕುರಿತು ಬರೆಯಬೇಕೆಂದು ಶ್ರೀಮಠದಿಂದ ಸೂಚನೆ ಬಂದಾಗ ನಾನು ಎರಡು ತಿಂಗಳ ಕಾಲ ಲೇಖನಿಯನ್ನು ಮುಟ್ಟಲಿಲ್ಲ. ಮೂವತ್ತೇಳು ವರ್ಷ ಪ್ರಾಥಮಿಕ ಶಾಲೆಯಲ್ಲಿ ಅಕ್ಷರ ತಿದ್ದಿಸಿದವಳು, ಇಬ್ಬರು ಮಕ್ಕಳ ತಾಯಿ, ಈಗ ಇಬ್ಬರು ಮೊಮ್ಮಕ್ಕಳ ಆಯಿ. ಬರೆಯಲು ಇವಳಿಗಿಂತ ಯಾರು ಬೇಕೆಂದು ಹಿರಿಯರು ಭಾವಿಸಿರಬೇಕು. ಆದರೆ ನನ್ನ ಮಟ್ಟಿಗೆ ಈ ವಿಷಯವು ಉಪದೇಶಕ್ಕೆ ತಕ್ಕುದಲ್ಲ. ಅದರಲ್ಲಿ ನಾನು ಒಪ್ಪಿಕೊಳ್ಳಬೇಕಾದ ಒಂದು ತಪ್ಪು ಇದೆ. ಅದನ್ನು ಬಿಟ್ಟು ಬರೆದರೆ ಬರೆಹ ಚೆನ್ನಾಗಿ ಕಂಡೀತು, ಆದರೆ ಸುಳ್ಳಾದೀತು.

2024ರ ವೈಶಾಖದ ಮಾತು. ನನ್ನ ಸೊಸೆಗೆ ಎರಡನೆಯ ಹೆರಿಗೆಯಾಗಿ ಎರಡು ತಿಂಗಳು ತುಂಬಿದ್ದವು. ಆಕೆಯ ತಾಯಿ ತೀರಿಕೊಂಡು ಬಹಳ ಕಾಲವಾದುದರಿಂದ ಬಾಣಂತನವು ಕಮಲಾಪುರದ ನಮ್ಮ ಮನೆಯಲ್ಲಿಯೇ ನಡೆದಿತ್ತು. ನಮ್ಮ ಭಾಗದ ಪದ್ಧತಿಯಂತೆ ಎಣ್ಣೆ, ಬಿಸಿನೀರು, ಊದಿನ ಹೊಗೆ, ಅಂಟಿನ ಉಂಡೆ, ಅಳವಿಯ ಪಾಯಸ, ಕಿವಿಗೆ ಅರಳೆ, ತಲೆಗೆ ಬಟ್ಟೆ, ಯಾವುದರಲ್ಲಿಯೂ ನಾನು ಕಡಿಮೆ ಮಾಡಲಿಲ್ಲ. ಕೂಸಿಗೆ ಕುಂಚಿಗೆ ಹೊಲಿಸಿದೆ. ತೊಟ್ಟಿಲಿಗೆ ಹಾಕಿದ ದಿನ ಊರಿನ ಅರ್ಧದಷ್ಟು ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿದ್ದರು. ಆಮೇಲೆ ಮಗನು ಬಂದು ಹೆಂಡತಿಯನ್ನೂ ಎರಡೂ ಮಕ್ಕಳನ್ನೂ ಕಲಬುರಗಿಗೆ ಕರೆದುಕೊಂಡು ಹೋದನು. ನನ್ನ ಕರ್ತವ್ಯವು ಚೆನ್ನಾಗಿ ಮುಗಿಯಿತೆಂದೇ ನಾನು ತಿಳಿದಿದ್ದೆ.

ಹದಿನೈದು ದಿನ ಕಳೆದ ಮೇಲೆ ಕೂಸನ್ನು ನೋಡಿ ಬರೋಣವೆಂದು ಹೊರಟೆ. ಚೀಲದಲ್ಲಿ ಕಟಿ ರೊಟ್ಟಿ, ಶೇಂಗಾ ಹಿಂಡಿ, ನಮ್ಮೂರ ಕೆಂಪು ಬಾಳೆಯ ಎರಡು ಚಿಪ್ಪು. ಕಮಲಾಪುರದ ಕೆಂಪು ಬಾಳೆಯೆಂದರೆ ವಾಚಕರಲ್ಲಿ ಅನೇಕರಿಗೆ ಬಾಯಲ್ಲಿ ನೀರೂರೀತು; ಭೌಗೋಳಿಕ ಸೂಚಿಕೆ ದೊರೆತ ಹಣ್ಣದು. ಉಳಿದ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದು ಒಂದೂವರೆ ವರ್ಷ ಕಾಯಿಸುತ್ತದೆ. ಆದುದರಿಂದಲೇ ತುಟ್ಟಿ, ಆದುದರಿಂದಲೇ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ. ಇರಲಿ, ಅದು ಬೇರೆ ಕಥೆ. ಮಹಾಗಾಂವ ಕ್ರಾಸು ದಾಟುವಷ್ಟರಲ್ಲಿ ಬಸ್ಸಿನ ತಗಡು ಮುಟ್ಟಲಾರದಷ್ಟು ಕಾದಿತ್ತು. ನಮ್ಮ ಜಿಲ್ಲೆಯ ಮೇ ತಿಂಗಳ ಬಿಸಿಲನ್ನು ವರ್ಣಿಸುವ ಅಗತ್ಯವಿಲ್ಲ.

ಮನೆಯ ಬಾಗಿಲು ಮುಂದೆ ಮಾಡಿತ್ತು. ಒಳಗೆ ಹೋದೆ. ಮೂರೂವರೆ ವರ್ಷದ ಹಿರಿಯ ಮೊಮ್ಮಗಳು ಹೊಸ್ತಿಲ ಬಳಿ ಗೋಡೆಗೆ ಆತು, ಯಾವಾಗಲೋ ಬಿಟ್ಟಿದ್ದ ಹೆಬ್ಬೆರಳನ್ನು ಮತ್ತೆ ಬಾಯಲ್ಲಿಟ್ಟುಕೊಂಡು ಕುಳಿತಿದ್ದಳು. ತೊಟ್ಟಿಲಲ್ಲಿ ಕೂಸು ಅಳುತ್ತಿತ್ತು. ತೊಟ್ಟಿಲಿಗೆ ಮೊಳದಷ್ಟು ದೂರದಲ್ಲಿ ಸೊಸೆ ನೆಲದ ಮೇಲೆ ಕುಳಿತಿದ್ದಳು. ಆಕೆ ಕೂಸನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡಲಿಲ್ಲ. ತಲೆ ಬಾಚಿರಲಿಲ್ಲ. ಮುಂಜಾನೆಯ ಭಾಂಡೆಗಳು ಹಾಗೆಯೇ ಬಿದ್ದಿದ್ದವು. ದೊಡ್ಡವಳು ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿರುವುದು ಒಳಗಿನ ವಾಸನೆಯಿಂದಲೇ ನನಗೆ ತಿಳಿಯಿತು.

ನನ್ನ ನಾಲಗೆಯ ತುದಿಗೆ ಒಂದು ಮಾತು ಬಂದಿತು: "ನಾವೇನ್ ಹಡೆದಿಲ್ಲೇನ?"

ಈ ಮಾತು ನನ್ನದಲ್ಲ. ಮೂವತ್ತನಾಲ್ಕು ವರ್ಷಗಳ ಹಿಂದೆ ನನ್ನ ಅತ್ತೆಯವರು ನನಗೆ ಆಡಿದ ಮಾತು. ಅವರ ಅತ್ತೆಯವರು ಅವರಿಗೆ ಆಡಿರಬೇಕು. ಆಡಬೇಕೆಂದು ಬಾಯಿ ತೆರೆದವಳಿಗೆ ಅತ್ತೆಯವರ ಧ್ವನಿಯೇ ಕಿವಿಯಲ್ಲಿ ಕೇಳಿಸಿ, ಮಾತು ಗಂಟಲಲ್ಲಿ ನಿಂತಿತು. ಏನೂ ಆಡದೆ ಚೀಲವನ್ನಿಳಿಸಿ ಕೂಸನ್ನು ಎತ್ತಿಕೊಂಡೆನು. ಬಹಳ ಹೊತ್ತಿನ ಮೇಲೆ ಸೊಸೆ ಹೇಳಿದಳು: "ಅತ್ತೀ, ನನಗ ಅಳುನೂ ಬರವಲ್ದು."

ಈಗ 1990ಕ್ಕೆ ಹೋಗೋಣ. ಆಗ ನಾವು ಗುಲಬರ್ಗಾ ನಗರದಲ್ಲಿ ಬಾಡಿಗೆಯ ಮನೆಯಲ್ಲಿದ್ದೆವು. (ಊರಿಗೆ ಕಲಬುರಗಿಯೆಂಬ ಹಳೆಯ ಹೆಸರು ಸರಕಾರದ ಕಾಗದದಲ್ಲಿ ಮರಳಿ ಬಂದದ್ದು 2014ರಲ್ಲಿ; ನಮ್ಮ ಹಳ್ಳಿಯ ಬಾಯಿಗಳು ಅದನ್ನೆಂದೂ ಬಿಟ್ಟಿರಲಿಲ್ಲ.) ನನಗೆ ಕಮಲಾಪುರದ ಕಡೆಯ ಶಾಲೆ, ಯಜಮಾನರಿಗೆ ಹುಮನಾಬಾದಿನಲ್ಲಿ ನೌಕರಿ, ವಾರಕ್ಕೊಮ್ಮೆ ಬರುವರು. ಹಿರಿಯ ಮಗನಿಗೆ ಎರಡು ವರ್ಷ, ಕಿರಿಯವಳಿಗೆ ನಾಲ್ಕು ತಿಂಗಳು. ಮೂರು ತಿಂಗಳ ಹೆರಿಗೆ ರಜೆ ಮುಗಿದಿತ್ತು. ಬೆಳಗಿನ ಬಸ್ಸು ಹಿಡಿದು ಹೋದರೆ ಮಧ್ಯಾಹ್ನಕ್ಕೆ ಎದೆ ಬಿಗಿದು ಸೆರಗು ನೆನೆಯುತ್ತಿತ್ತು. ಮಕ್ಕಳಿಗೆ ಬೆನ್ನು ಮಾಡಿ ಹಲಗೆಯ ಮೇಲೆ ಬರೆಯುತ್ತ ಬರೆಯುತ್ತ ಕಣ್ಣೊರೆಸಿಕೊಳ್ಳುತ್ತಿದ್ದೆ. ರಾತ್ರಿ ಕೂಸು ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ. ಸತ್ತರೆ ಒಳ್ಳೆಯದೆಂದು ಅನಿಸುತ್ತಿತ್ತು. ಹೀಗೆ ಅನಿಸುವುದು ಮಹಾಪಾಪವೆಂದು ಮತ್ತಷ್ಟು ಹೆದರುತ್ತಿದ್ದೆ. ಯಾರಿಗೆ ಹೇಳುವುದು? ಅತ್ತೆಯವರಿಗೆ ಒಮ್ಮೆ ಹೇಳಿದೆ. "ನಾವೇನ್ ಹಡೆದಿಲ್ಲೇನ? ಹತ್ತ್ ಹಡೆದವ್ರ್ ಹೊಲಕ್ಕ ಹೋಗಿ ರಾಶಿ ಮಾಡ್ಯಾರ" ಎಂದರು. ಅವರು ಕೆಟ್ಟವರಲ್ಲ. ನನಗೆ ತಿಳಿಯದಂತೆ ನನ್ನ ಪಾಲಿನ ಬೆಣ್ಣೆಯನ್ನು ಎತ್ತಿಡುತ್ತಿದ್ದವರು ಅವರೇ. ಆದರೆ ಈ ನೋವಿಗೆ ಅವರ ಬಳಿ ಹೆಸರಿರಲಿಲ್ಲ.

ಒಂದು ಮುಂಜಾನೆ ಇಷ್ಟಲಿಂಗ ಪೂಜೆಗೆ ಕುಳಿತಿದ್ದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಮಗನು ಬಂದು ಮಡಿಲಿಗೆ ಬೀಳಲು ಹವಣಿಸಿ, ಪಕ್ಕದ ಹಿತ್ತಾಳೆಯ ತಂಬಿಗೆಯನ್ನು ಉರುಳಿಸಿದನು. ನಾನು ಲಿಂಗವನ್ನು ಕರಡಿಗೆಗೆ ಇಟ್ಟು, ಎದ್ದವಳೇ ಆ ಎರಡು ವರ್ಷದ ಮಗುವನ್ನು ಬಡಿದೆ. ಒಂದು ಏಟಲ್ಲ. ಎಷ್ಟೆಂದು ನನಗೆ ನೆನಪಿಲ್ಲ. ನೆನಪಿಲ್ಲದಿರುವುದೇ ನನ್ನನ್ನು ಈಗಲೂ ಕಾಡುತ್ತದೆ. ಆಮೇಲೆ ತಂಬಿಗೆಯನ್ನು ನೆಲಕ್ಕೆ ಅಪ್ಪಳಿಸಿಟ್ಟು ಬಸ್ಸಿಗೆ ಓಡಿದೆ. ಅಂದಿನಿಂದ ಕೆಲವು ತಿಂಗಳು, ನನ್ನ ಬಳೆಯ ಸಪ್ಪಳ ಕೇಳಿದರೆ ಮಗನು ಬಾಗಿಲ ಹಿಂದೆ ಸರಿಯುತ್ತಿದ್ದನು. ಶಾಲೆಯಲ್ಲಿ ಪರರ ಮಕ್ಕಳಿಗೆ "ಟೀಚರಮ್ಮ" ಎಂದರೆ ಪ್ರಾಣ. ಮನೆಯಲ್ಲಿ ನನ್ನ ಮಗನಿಗೆ ನನ್ನ ಬಳೆಯೆಂದರೆ ಭಯ.

ಆ ಸ್ಥಿತಿ ಹೇಗೆ ಕಳೆಯಿತೆಂಬುದನ್ನು ನಾನು ಬಲ್ಲೆನೆಂದು ಹೇಳಲಾರೆ. ವರ್ಷ ಕಳೆಯಿತು, ಯಜಮಾನರಿಗೆ ಊರಿಗೆ ವರ್ಗವಾಯಿತು, ಕೂಸು ರಾತ್ರಿ ಮಲಗತೊಡಗಿತು. ವೈದ್ಯೆಯೂ ಸಾಹಿತಿಯೂ ಆಗಿದ್ದ ಅನುಪಮಾ ನಿರಂಜನರ "ತಾಯಿ-ಮಗು" ಪುಸ್ತಕವನ್ನು ಬಸುರಿಯಾಗಿದ್ದಾಗ ಓದಿದ್ದೆನಾದರೂ, ಬರೆದವರನ್ನು ಹೋಗಿ ಕೇಳುವ ಹಾಗೆ ವೈದ್ಯರನ್ನು ಹೋಗಿ ಕೇಳಬಹುದೆಂದು ನನಗೆ ಹೊಳೆದಿರಲಿಲ್ಲ.

ಸೊಸೆಯ ಮಾತು ಕೇಳಿದ ಮರುದಿನವೇ ಮಗನೊಡನೆ ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ದೆವು. ಓಣಿಯ ಹಿರಿಯಳೊಬ್ಬಳು ಗಾಳಿ ಸೋಂಕಿದೆಯೆಂದಳು. ನಿಂಬೆಹಣ್ಣು ಇಳಿಸಿ ತೆಗೆಯಲು ಬಂದಳು. ನಾನು ಬೇಡವೆನ್ನಲಿಲ್ಲ, ಅದಕ್ಕಾಗಿ ಆಸ್ಪತ್ರೆಯನ್ನು ನಿಲ್ಲಿಸಲೂ ಇಲ್ಲ. ವೈದ್ಯೆಯು ಹತ್ತು ಪ್ರಶ್ನೆಗಳ ಒಂದು ಹಾಳೆಯನ್ನು ಮುಂದಿಟ್ಟರು. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಗಿತ್ತೆ, ಕಾರಣವಿಲ್ಲದೆ ನಿಮ್ಮನ್ನು ನೀವು ದೂರಿಕೊಂಡಿದ್ದೀರಾ, ದುಃಖದಿಂದ ನಿದ್ದೆಗೆಟ್ಟಿದ್ದೀರಾ, ಈ ಬಗೆಯವು. ಈ ಪ್ರಶ್ನಾವಳಿಯನ್ನು 1987ರಲ್ಲಿ ಜಾನ್ ಕಾಕ್ಸ್ ಎಂಬ ವೈದ್ಯರೂ ಅವರ ಜೊತೆಗಾರರೂ ಎಡಿನ್‌ಬರೋದಲ್ಲಿ ರಚಿಸಿದರಂತೆ. ನನ್ನ ಮಗ ಹುಟ್ಟುವುದಕ್ಕೆ ಒಂದು ವರ್ಷ ಮೊದಲು! ಹತ್ತೂ ಪ್ರಶ್ನೆಗಳಿಗೆ ನಾನೂ ಮನಸ್ಸಿನಲ್ಲಿಯೇ 1990ರ ಉತ್ತರಗಳನ್ನು ಕೊಡುತ್ತ ಕುಳಿತೆ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. ಸೊಸೆಯ ಉತ್ತರವನ್ನು ಇಲ್ಲಿ ಬರೆಯಲು ಆಕೆ ಅನುಮತಿ ಕೊಟ್ಟಿಲ್ಲ. ನನ್ನ ಉತ್ತರ "ಹೌದು" ಎಂದಾಗುತ್ತಿತ್ತು.

ವೈದ್ಯೆ ವಿವರಿಸಿದುದನ್ನು ಸರಳವಾಗಿ ಹೇಳುತ್ತೇನೆ. ಹೆರಿಗೆಯಾದ ಮೂರು-ನಾಲ್ಕನೆಯ ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು ಬಹುಮಂದಿ ತಾಯಂದಿರಿಗೆ ಇರುತ್ತದೆ. ಎರಡು ವಾರದೊಳಗೆ ತಾನಾಗಿಯೇ ತಿಳಿಯಾಗುತ್ತದೆ. ಅದು ರೋಗವಲ್ಲ. ಎರಡು ವಾರ ದಾಟಿಯೂ ಉಳಿದು, ನಿದ್ದೆ, ಹಸಿವು, ಕೂಸಿನ ಮೇಲಿನ ಅಕ್ಕರೆ ಎಲ್ಲವನ್ನೂ ನುಂಗುವುದು ಬೇರೆ. ಅದು ಬಾಣಂತಿಯ ಖಿನ್ನತೆ. ನಮ್ಮ ದೇಶದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಇದು ತಗಲುತ್ತದೆ. ಅಂದರೆ ನಮ್ಮ ಪಡಸಾಲೆಯಲ್ಲಿ ತೊಟ್ಟಿಲ ಹಾಡು ಹಾಡಲು ಬಂದಿದ್ದವರಲ್ಲಿ ಎಷ್ಟು ಮಂದಿ ಅದನ್ನು ಅನುಭವಿಸಿ ಬಾಯಿ ಮುಚ್ಚಿಕೊಂಡವರೋ! ಇನ್ನೂ ವಿರಳವಾಗಿ, ಸಾವಿರದಲ್ಲಿ ಒಬ್ಬಿಬ್ಬರಿಗೆ, ಬುದ್ಧಿಯೇ ತಪ್ಪಿ ಇಲ್ಲದ ಧ್ವನಿ ಕೇಳಿಸುವುದೂ ಉಂಟು. ಅಂಥ ತಾಯಿಯನ್ನು ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ-ಮಗುವನ್ನು ಅಗಲಿಸದೆ ಜೊತೆಯಲ್ಲಿಯೇ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗವೊಂದು 2009ರಲ್ಲಿ ಆರಂಭವಾಯಿತು. ಹಾಲುಣಿಸುವ ತಾಯಿಗೂ ಕೊಡಬಹುದಾದ ಔಷಧಗಳಿವೆಯೆಂಬುದನ್ನು ನಾನು ಅಂದೇ ಕೇಳಿದ್ದು. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಆದರೆ ವೈದ್ಯೆ ಬರೆದ ಚೀಟಿಯಲ್ಲಿ ಮೊದಲ ಸಾಲು ಔಷಧವಾಗಿರಲಿಲ್ಲ. "ರಾತ್ರಿ ಐದು ಗಂಟೆ ಒಂದೇ ಸಮನೆ ನಿದ್ದೆ" ಎಂದಿತ್ತು. ಚೀಟಿಯನ್ನು ಕೊಟ್ಟದ್ದು ಸೊಸೆಯ ಕೈಗಲ್ಲ, ನನ್ನ ಮಗನ ಕೈಗೆ.

ಇಲ್ಲಿ ಶ್ರೀಮಠದ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನನ್ನ ಯಜಮಾನರು ಶ್ರೀಮಠದ ಉಚಿತ ಪ್ರಸಾದನಿಲಯದಲ್ಲಿದ್ದು ಓದಿದವರು. ಅಲ್ಲಿ ಪಂಕ್ತಿಯಲ್ಲಿ ಬಡಿಸಿದುದು, ಭಾಂಡೆ ಬೆಳಗಿದುದು, ಜ್ವರ ಬಂದ ಚಿಕ್ಕ ಹುಡುಗನ ತಲೆಗೆ ರಾತ್ರಿಯಿಡೀ ತಣ್ಣೀರು ಪಟ್ಟಿ ಹಾಕಿದುದು, ಇವನ್ನು ನೂರು ಸಲ ಅಭಿಮಾನದಿಂದ ಹೇಳಿದ್ದಾರೆ. ಅಡುಗೆಮನೆಯ ಹಿರಿಯರೊಬ್ಬರು ಬಡಿಸುತ್ತ ಬಡಿಸುತ್ತಲೇ, ಇಂದು ಯಾವ ಹುಡುಗ ಒಂದು ರೊಟ್ಟಿ ಕಡಿಮೆ ಉಂಡನೆಂಬುದನ್ನು ಗುರುತಿಸಿ, ಸಂಜೆ ಅವನನ್ನು ಕರೆದು "ಮನಿ ನೆನಪಾಗ್ಯಾದೇನು?" ಎಂದು ಕೇಳುತ್ತಿದ್ದರಂತೆ. ನೂರಾರು ಹುಡುಗರ ನಡುವೆ! ಇಷ್ಟೆಲ್ಲ ಕಲಿತ ಕೈಗಳು ಸ್ವಂತ ಮನೆಯ ಹೊಸ್ತಿಲು ದಾಟಿದೊಡನೆ ಒಂದು ಲೋಟವನ್ನೂ ಎತ್ತಿಡದಿರುವುದು ಹೇಗೆ? ಇದನ್ನು ಬರೆದು ಯಜಮಾನರಿಗೆ ಓದಿ ಹೇಳಿದೆ. "ಹೌದಲ್ಲ" ಎಂದು ಚಹಾ ಮಾಡಲು ಎದ್ದರು. ಅವರಿಗೆ ಬರುವುದು ಅದೊಂದೇ.

ಎರಡು ತಿಂಗಳು ನಾನು ಕಲಬುರಗಿಯಲ್ಲಿಯೇ ಉಳಿದೆ. ಮಗನು ರಾತ್ರಿ ಹತ್ತರಿಂದ ಮೂರರವರೆಗೆ ಕೂಸನ್ನು ಬೇರೆ ಕೋಣೆಯಲ್ಲಿ ನೋಡಿಕೊಂಡನು. ಸೊಸೆ ಹಿಂಡಿಟ್ಟ ಹಾಲನ್ನು ಬಟ್ಟಲಿನಿಂದ ಕುಡಿಸಲು ಕಲಿತನು. ಮೊದಲ ವಾರ ಅವನ ಮುಖವನ್ನು ನೋಡುವಂತಿರಲಿಲ್ಲ. ಕಛೇರಿಯಲ್ಲಿ ತೂಕಡಿಸಿ ಮೇಲಧಿಕಾರಿಯಿಂದ ಮಾತು ಕೇಳಿಸಿಕೊಂಡನು. ಆಗ ಅವನೇ ಹೇಳಿದನು: ಒಂದು ವಾರಕ್ಕೇ ತನಗೆ ಸಿಟ್ಟು ತಡೆಯಲಾಗದು, ಇವಳು ಎರಡು ತಿಂಗಳು ಹೇಗೆ ತಡೆದಳೆಂದು. ಇಂಥ ಅರಿವು ನನ್ನ ನೂರು ಬುದ್ಧಿವಾದಗಳಿಂದ ಅವನಿಗೆ ಬರುತ್ತಿರಲಿಲ್ಲ.

ದೊಡ್ಡವಳ ವಿಷಯವೇ ಹೆಚ್ಚು ಕಠಿಣವಾಗಿದ್ದಿತು. ಎಲ್ಲರೂ ಆಕೆಗೆ "ನೀ ಈಗ ದೊಡ್ಡಾಕಿ" ಎಂದು ಹೇಳಿ ಹೇಳಿ ದಣಿಸಿದ್ದೆವು. ಮೂರೂವರೆ ವರ್ಷದ ಮಗು ದೊಡ್ಡದಾಗುವುದು ಹೇಗೆ? ಆಕೆಯ ತಾಯಿ ಎದುರಿಗೇ ಇದ್ದಳು, ಆದರೆ ಮುಖದಲ್ಲಿ ಇರಲಿಲ್ಲ. ಇದನ್ನು ಕುರಿತು ಅಮೆರಿಕದ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ 1975ರಲ್ಲಿ ತೋರಿಸಿಕೊಟ್ಟ ಪ್ರಯೋಗವೊಂದುಂಟು. ಕೂಸಿನೊಡನೆ ನಗುನಗುತ್ತ ಆಡುತ್ತಿದ್ದ ತಾಯಿ ಒಮ್ಮೆಲೇ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಒಂದೆರಡು ನಿಮಿಷ ಕೂರುವಳು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಯಾವುದಕ್ಕೂ ಉತ್ತರ ಬಾರದಾಗ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಎರಡೇ ನಿಮಿಷಕ್ಕೆ! ಇಂದು ಕೈಫೋನನ್ನು ದಿಟ್ಟಿಸುತ್ತ ತೊಟ್ಟಿಲು ತೂಗುವ ನಮ್ಮ ಮುಖಗಳು ಅದಕ್ಕಿಂತ ಎಷ್ಟು ಭಿನ್ನವೋ ನೀವೇ ಹೇಳಿರಿ. ಆದರೆ ಅದೇ ಟ್ರಾನಿಕ್ ಮುಂದೆ ಕಂಡುಕೊಂಡ ಮತ್ತೊಂದು ಸಂಗತಿ ನನಗೆ ಹೆಚ್ಚು ಸಮಾಧಾನ ಕೊಟ್ಟಿತು. ಆರೋಗ್ಯವಂತ ತಾಯಿ-ಮಗುವಿನ ನಡುವೆ ಕೂಡ ಭಾವಕ್ಕೆ ಭಾವ ಕೂಡುವುದು ಸುಮಾರು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಕೂಡುವುದು. ತಪ್ಪಿದುದನ್ನು ಮತ್ತೆ ಕೂಡಿಸುವುದರಿಂದಲೇ ಮಗು ಭರವಸೆಯನ್ನು ಕಲಿಯುತ್ತದೆ. ಮಕ್ಕಳ ವೈದ್ಯರಾಗಿದ್ದ ಇಂಗ್ಲೆಂಡಿನ ವಿನ್ನಿಕಾಟ್ ಅವರು ತಕ್ಕಮಟ್ಟಿಗೆ ಒಳ್ಳೆಯ ತಾಯಿ ಸಾಕು, ಪರಿಪೂರ್ಣಳಾದ ತಾಯಿ ಮಗುವಿಗೆ ಬೇಕಿಲ್ಲವೆಂದು ಅದಕ್ಕೂ ಮೊದಲೇ ಹೇಳಿದ್ದರು. ತಾಯಿಯನ್ನು ದೇವರೆಂದು ಕರೆಯುವ ನಮ್ಮ ನಾಡಿನಲ್ಲಿ ಈ ಮಾತು ಸ್ವಲ್ಪ ಒರಟಾಗಿ ಕೇಳಿಸಬಹುದು. ದೇವರೆಂದು ಕರೆದು ನಿದ್ದೆ ಕೊಡದಿರುವುದು ಅದಕ್ಕಿಂತ ಒರಟೆಂದು ನನ್ನ ಅಭಿಪ್ರಾಯ.

ವೈದ್ಯೆಯ ಸಲಹೆಯಂತೆ ದಿನಕ್ಕೆ ಅರ್ಧ ಗಂಟೆ ಕೂಸನ್ನು ನಾನಿಟ್ಟುಕೊಂಡು, ದೊಡ್ಡವಳನ್ನು ತಾಯಿಯೊಬ್ಬಳ ಪಾಲಿಗೆ ಬಿಟ್ಟೆವು. ಸಂಜೆ ಬಿಸಿಲಿಳಿದ ಮೇಲೆ ಇಬ್ಬರೂ ಶರಣಬಸವೇಶ್ವರರ ಕೆರೆಯ ಕಡೆಗೆ ಹೋಗುವರು. ಏನೂ ಕಲಿಸಬಾರದು, ಏನೂ ಗದರಬಾರದು, ಮಗು ತೋರಿಸಿದುದನ್ನು ನೋಡಬೇಕು, ಇಷ್ಟೇ ಕಟ್ಟಳೆ. ಇಂಥ ಪಾಲನೆಗೆ ಪಶ್ಚಿಮದಲ್ಲಿ ಒಂದು ಹೆಸರೇ ಇದೆ. ಜಾನ್ ಕಬಾಟ್-ಜಿನ್ ಮತ್ತು ಅವರ ಪತ್ನಿ ಮೈಲಾ 1997ರಲ್ಲಿ ಅದರ ಮೇಲೆ ಪುಸ್ತಕ ಬರೆದಿದ್ದಾರೆ. ನಾವು ಅದನ್ನು ಅವಧಾನದ ಪಾಲನೆ ಎನ್ನಬಹುದು. ಸೊಸೆ ಮೊದಮೊದಲು "ನನ್ನ ಮನಸ್ಸು ಅಲ್ಲಿ ನಿಲ್ಲಂಗಿಲ್ಲತ್ತಿ, ಎಲ್ಲೆಲ್ಲೋ ಹೋಗ್ತದ" ಎಂದು ಸೋತು ಬರುತ್ತಿದ್ದಳು. ಆಗ ನನಗೆ ದೀಕ್ಷೆಯಿತ್ತ ಗುರುಗಳ ಮಾತು ನೆನಪಾಯಿತು. ಕರಸ್ಥಲದ ಲಿಂಗದ ಮೇಲೆ ದೃಷ್ಟಿ ನಿಲ್ಲುವುದಿಲ್ಲವೆಂದು ನಾನು ದೂರಿದಾಗ, ದೃಷ್ಟಿ ಜಾರುವುದು ಸಹಜ, ಜಾರಿದೆಯೆಂದು ತಿಳಿದಾಗ ಬಯ್ದುಕೊಳ್ಳದೆ ಮರಳಿ ತಂದರಾಯಿತು, ಮರಳಿ ತರುವುದೇ ಪೂಜೆ ಎಂದಿದ್ದರು. ಇದನ್ನೇ ಆಕೆಗೆ ಹೇಳಿದೆ. ಹೇಳುತ್ತಿರುವಾಗ, ಆ ಗುರುವಾಕ್ಯವನ್ನು ಕೇಳಿದ್ದವಳೇ ಪೂಜೆಯಿಂದೆದ್ದು ಮಗನನ್ನು ಬಡಿದವಳೆಂಬುದು ನನಗೆ ನೆನಪಿಲ್ಲದಿರಲಿಲ್ಲ.

ಮೂರು ವಾರಕ್ಕೆ ಹೆಬ್ಬೆರಳು ಬಾಯಿಂದ ಹೊರಬಂದಿತು. ಹಾಸಿಗೆ ಒದ್ದೆಯಾಗುವುದು ನಿಲ್ಲಲು ಮಳೆಗಾಲ ಮುಗಿಯಬೇಕಾಯಿತು. ಸೊಸೆಗೆ ಔಷಧ ಆರು ತಿಂಗಳಿಗೂ ಮೀರಿ ನಡೆಯಿತು. ನಡುವೆ ತಾನಾಗಿಯೇ ಬಿಟ್ಟು ಒಮ್ಮೆ ಮರುಕಳಿಸಿದ್ದೂ ಉಂಟು. ಎಲ್ಲವೂ ಒಂದೇ ಏರಿಕೆಯಾಗಿ ಸುಧಾರಿಸಿತೆಂದು ಯಾರೂ ತಿಳಿಯಬಾರದು.

ನಮ್ಮಂತೆ ಮನೆಯಲ್ಲಿ ಕೈಗಳಿಲ್ಲದವರು ಏನು ಮಾಡಬೇಕೆಂದು ನೀವು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಅಂಗನವಾಡಿಗಳ ಯೋಜನೆ 1975ರಲ್ಲಿ ಬಂದಾಗ ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ಆರಂಭವಾಯಿತು. ಈಗ ಅದಿಲ್ಲದ ಹಳ್ಳಿಯನ್ನು ಹುಡುಕಬೇಕು. ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ "ಕೂಸಿನ ಮನೆ" ತೆರೆಯುವ ಯೋಜನೆ 2023ರಲ್ಲಿ ಬಂದಿದೆ. ತೊಗರಿ ಕೊಯ್ಲಿನ ಕಾಲದಲ್ಲಿ ಹೊಲದ ಬದುವಿನ ಮೇಲೆ ಸೀರೆಯ ಜೋಳಿಗೆಯಲ್ಲಿ ಕೂಸನ್ನು ಕಟ್ಟಿ, ಕಣ್ಣೊಂದನ್ನು ಅಲ್ಲಿಯೇ ಇಟ್ಟು ಕೆಲಸ ಮಾಡುವವರನ್ನು ನೋಡಿದ ನಮಗೆ ಅದರ ಬೆಲೆ ತಿಳಿಯುತ್ತದೆ. ಮನಸ್ಸಿನ ನೋವನ್ನು ಹೆಸರು ಹೇಳದೆಯೂ ಹೇಳಿಕೊಳ್ಳಲು 14416 ಎಂಬ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಫೋನು ಮಾಡಬಹುದು. ಟೆಲಿ ಮಾನಸ್ ಎಂಬ ಈ ವ್ಯವಸ್ಥೆ 2022ರ ಅಕ್ಟೋಬರಿನಲ್ಲಿ ಆರಂಭವಾಗಿದ್ದು, ಅಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತಾರೆ. ದಯವಿಟ್ಟು ಈ ಸಂಖ್ಯೆಯನ್ನು ಪಂಚಾಂಗದ ಮೇಲೆ ಬರೆದಿಟ್ಟುಕೊಳ್ಳಿರಿ.

ನಮ್ಮ ಹಳೆಯ ಬಾಣಂತನವನ್ನು ನಾನು ಹಳಿಯುವುದಿಲ್ಲ. ನಲವತ್ತು ದಿನ ಒಲೆಯ ಮುಂದೆ ನಿಲ್ಲಿಸದಿರುವುದು, ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಇಕ್ಕುವುದು ದೊಡ್ಡ ಮಾತೇ. ಆದರೆ ನಮ್ಮ ಪಡಸಾಲೆಗೆ ಬಂದವರೆಲ್ಲ ಕೂಸಿನ ಬಣ್ಣ ನೋಡಿದರು, ಮೂಗು ಯಾರ ಹಾಗಿದೆಯೆಂದರು, ಎರಡನೆಯದೂ ಹೆಣ್ಣಾಯಿತಲ್ಲವೆಂದು ಒಬ್ಬಿಬ್ಬರು ಪಿಸುನುಡಿದರು. "ನೀ ಹ್ಯಾಂಗಿದ್ದಿ ಯವ್ವಾ?" ಎಂದು ಬಾಣಂತಿಯನ್ನು ಕೇಳಿದವರು ಯಾರೂ ಇರಲಿಲ್ಲ. ನಾನೂ ಕೇಳಿರಲಿಲ್ಲ. ನಲವತ್ತು ದಿನ ಒಂದೇ ಸೂರಿನ ಕೆಳಗಿದ್ದು ಕೇಳಿರಲಿಲ್ಲ.

ಕಲಬುರಗಿಯಿಂದ ಹೊರಡುವ ಹಿಂದಿನ ರಾತ್ರಿ, ಮಗನೊಬ್ಬನೇ ಕೂಸನ್ನು ಭುಜದ ಮೇಲೆ ಹಾಕಿಕೊಂಡು ಮಾಳಿಗೆಯ ಮೇಲೆ ತಿರುಗುತ್ತಿದ್ದಾಗ, ತಂಬಿಗೆಯ ಸಂಗತಿಯನ್ನು ಹೇಳಿದೆ. ಮೂವತ್ತನಾಲ್ಕು ವರ್ಷ ಹೇಳದೆ ಇಟ್ಟುಕೊಂಡದ್ದು. ತಪ್ಪಾಯಿತೆಂದು ಹೇಳಲು ತಾಯಿಯ ಬಾಯಿಗೆ ಎಷ್ಟು ಕಷ್ಟವೆಂಬುದು ಅಂದು ತಿಳಿಯಿತು. ಅವನು ಸ್ವಲ್ಪ ಹೊತ್ತು ಸುಮ್ಮನೆ ತಿರುಗಿದನು. "ಬಡದಿದ್ದು ನೆನಪಿಲ್ಲವ್ವ," ಎಂದನು. "ಆದ್ರ ಯಾರರೆ ಭಾಂಡೆ ಜೋರಾಗಿ ಇಟ್ರ ಈಗೂ ಎದಿ ಧಸಕ್ ಅಂತದ. ಯಾಕಂತ ಗೊತ್ತಿರಲಿಲ್ಲ." ಆಮೇಲೆ ಕೂಸನ್ನು ನನ್ನ ಕೈಗೆ ಕೊಟ್ಟು, ನೀರು ಕುಡಿಯಲು ಕೆಳಗೆ ಹೋದನು. ಮರಳಿ ಬಂದು ಬೇರೆ ಮಾತು ತೆಗೆದನು. ನಾನೂ ಮುಂದುವರಿಸಲಿಲ್ಲ.

ಕಳೆದ ನಾಗರಪಂಚಮಿಗೆ ಸೊಸೆ ಮಕ್ಕಳೊಡನೆ ಕಮಲಾಪುರಕ್ಕೆ ಬಂದಿದ್ದಳು. ಹಿತ್ತಿಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸಿದ್ದೆ; ದೊಡ್ಡವಳು ಅದರಿಂದ ಇಳಿಯಲೇ ಒಲ್ಲಳು. ಊಟವಾದ ಮೇಲೆ ಸೊಸೆ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ನೆರೆಯವರಿಬ್ಬರು ಹಬ್ಬದ ಉಂಡಿ ಹಿಡಿದು ಬಂದು, ಹೊತ್ತು ಮುಳುಗುವವರೆಗೆ ಮಲಗಿರುವ ಸೊಸೆಯನ್ನು ಕಂಡು ನನ್ನ ಮುಖ ನೋಡಿದರು. ನಾನು ಬೆರಳನ್ನು ತುಟಿಗಿಟ್ಟು ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋದೆ.